ಹೊಗೆಯಿಲ್ಲ, ಉರಿಯಿಲ್ಲ, ಆದರೂ ಕೈ ಸುಟ್ಟಿತು!

ನಮ್ಮ ಮನೆಗೆ ಮೈಕ್ರೋವೇವ್ ಓವನ್ ಬಂದ ದಿನ ಅತ್ತೆಯವರು ಅದರ ಬಾಗಿಲು ತೆಗೆದು, ಒಳಗೆ ಕೈಯಾಡಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ, “ಇದರಾಗ ಬೆಂಕಿ ಎಲ್ಲದ?” ಬೆಂಕಿ ಇಲ್ಲ ಎಂದೆ. “ಹೊಗಿ ಇಲ್ಲ, ಉರಿ ಇಲ್ಲ, ಬೇಯ್ತದ ಅಂದ್ರ ಹ್ಯಾಂಗ ನಂಬೂದವ್ವಾ?” ಅಂದರು. ನಾನು ನಕ್ಕುಬಿಟ್ಟೆ. ಓದುಗ ಸೋದರಿಯರೇ, ಹಾಗೆ ನಗಬಾರದಿತ್ತು ಅಂತ ತಿಳಿಯೋದಕ್ಕೆ ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು.

ನಾನು ಹುಟ್ಟಿದ್ದು ಸುರಪುರದಲ್ಲಿ, ಕೊಟ್ಟದ್ದು ಶಹಾಪುರಕ್ಕೆ. 2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾದ ಮೇಲೆ ನಮ್ಮವರಿಗೆ ಇಲ್ಲಿಗೆ ವರ್ಗವಾಯಿತು. ಅತ್ತೆಯವರನ್ನೂ ಕರೆದುಕೊಂಡು ಬಂದು ಇಲ್ಲಿಯೇ ನೆಲೆಸಿದೆವು. ಓವನ್ ತಂದದ್ದು ಹೈದರಾಬಾದಿನಲ್ಲಿರುವ ಮಗ. ತರಲು ಕಾರಣ ಅತ್ತೆಯವರೇ. ಅವರಿಗೀಗ 78. ಕಣ್ಣು ಮಂಜು. ಒಂದು ನಸುಕಿನಲ್ಲಿ ಚಹಾಕ್ಕೆ ನೀರಿಡಲು ಹೋಗಿ ಗ್ಯಾಸಿನ ಉರಿ ಸೆರಗಿಗೆ ತಗುಲಿ ಒಂದು ಗೇಣು ಸೀರೆ ಸುಟ್ಟುಹೋಯಿತು. ಪುಣ್ಯಕ್ಕೆ ಮೈಗೆ ತಾಗಲಿಲ್ಲ. ಅಂದಿನಿಂದ ಮನೆಮಂದಿಯೆಲ್ಲ ಸೇರಿ ಅವರನ್ನು ಒಲೆಯ ಹತ್ತಿರ ಬಿಡಲಿಲ್ಲ. ಅರವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಐದು ಗಂಟೆಗೆ ಎದ್ದು, ಒಂದು ಗುಟುಕು ಚಹಾಕ್ಕೆ ಸೊಸೆ ಏಳುವ ತನಕ ಜಗುಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಕೇಳುತ್ತಿರಲಿಲ್ಲ. ಅದನ್ನು ನೋಡಲಾರದೆ ಮಗ ಈ ಪೆಟ್ಟಿಗೆ ತಂದ.

ಬೆಂಕಿಯಿಲ್ಲದೆ ಬೇಯುವುದು ಹೇಗೆ? ರೇಡಿಯೋ ಅಲೆಗಳ ಬಳಗದ್ದೇ ಆದ ಸಣ್ಣ ಅಲೆಗಳು ಆಹಾರದೊಳಗಿನ ನೀರಿನ ಕಣಗಳನ್ನು ಸೆಕೆಂಡಿಗೆ 245 ಕೋಟಿ ಸಲ ಅಲುಗಾಡಿಸುತ್ತವೆ. ಆ ಅಲುಗಾಟವೇ ಶಾಖ. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್ ರೇಥಿಯಾನ್ ಕಂಪನಿಯಲ್ಲಿ ರೇಡಾರ್ ಕೆಲಸ ಮಾಡುತ್ತಿದ್ದಾಗ ಜೇಬಿನಲ್ಲಿದ್ದ ಸಿಹಿತಿಂಡಿ ಕರಗಿತಂತೆ, ಅಲ್ಲಿಂದ ಹುಟ್ಟಿತು ಇದು. ಮೊದಮೊದಲ ಓವನ್ನುಗಳು ಆಳೆತ್ತರ ಇದ್ದವು. ಈಗ ಕಟ್ಟೆಯ ಮೇಲೆ ಕೂರುತ್ತವೆ. ಒಳಗಿನಿಂದ ಹೊರಗೆ ಬೇಯಿಸುತ್ತದೆ ಎನ್ನುವುದು ಸುಳ್ಳು; ಅಲೆ ಒಂದು, ಒಂದೂವರೆ ಅಂಗುಲ ಒಳಗೆ ಹೋಗುತ್ತದೆ, ಅಷ್ಟೆ. ಅದಕ್ಕೇ ಅಂಚು ಕುದಿಯುತ್ತಿದ್ದರೂ ನಡುವೆ ತಣ್ಣಗಿರುತ್ತದೆ. ನಡುವೆ ಒಮ್ಮೆ ತೆಗೆದು ಕದಡಬೇಕು, ಆಮೇಲೂ ಎರಡು ನಿಮಿಷ ಮುಚ್ಚಿ ಬಿಡಬೇಕು.

ಇಷ್ಟನ್ನು ಮಗ ಹೇಳಿಕೊಟ್ಟು ಹೋದ. ಹೇಳದೆ ಹೋದದ್ದು ಒಂದಿತ್ತು. ನಾವು ಹೆಂಗಸರು ಅಡಿಗೆ ಮಾಡುವುದು ಕಣ್ಣು, ಮೂಗು, ಕಿವಿಯಿಂದ. ನೀರು ಸುಂಯ್ ಅಂದರೆ ಕಾಯ್ದಿದೆ, ವಾಸನೆ ಬಂದರೆ ಸೀಯುತ್ತಿದೆ. ಈ ಪೆಟ್ಟಿಗೆಯಲ್ಲಿ ಅಪಾಯ ಹಾಗೆ ಮುಂಚಿತವಾಗಿ ಸದ್ದು ಮಾಡಿಕೊಂಡು ಬರುವುದಿಲ್ಲ.

ಮೊದಲ ವಾರವೇ ಪಾಠವಾಯಿತು. ಕಡಕ್ ರೊಟ್ಟಿ ಬಿಸಿ ಮಾಡೋಣ ಅಂತ ಎರಡು ಒಳಗಿಟ್ಟು ಮೂರು ನಿಮಿಷ ಒತ್ತಿದೆ. ಕಡಕ್ ರೊಟ್ಟಿಯಲ್ಲಿ ನೀರು ಎಲ್ಲಿಂದ ಬರಬೇಕು? ಅಂಚು ಬಿಳಿಯಾಗಿಯೇ ಇತ್ತು, ನಡುವೆ ಮಾತ್ರ ಇದ್ದಿಲಾಗಿ ಹೊಗೆ ತುಂಬಿತು. ನಾನು ಗಾಬರಿಯಿಂದ ಬಾಗಿಲು ತೆಗೆಯಲು ಹೋದೆ. ನಮ್ಮವರು ಕೈ ಹಿಡಿದು ಪ್ಲಗ್ಗು ಕಿತ್ತರು. ಅವರೇ ಸರಿ. ಒಳಗೆ ಹೊತ್ತಿಕೊಂಡರೆ ಬಾಗಿಲು ತೆಗೆಯಬೇಡಿ, ಗಾಳಿ ಹೋದರೆ ಉರಿ ಏಳುತ್ತದೆ. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ತಾನೇ ಆರುವ ತನಕ ಬಿಡಿ.

ಹಾಗಂತ ಕಡಕ್ ರೊಟ್ಟಿಗೆ ಈ ಓವನ್ ಆಗದು ಅಂತಲ್ಲ. ಮಳೆಗಾಲದಲ್ಲಿ ಮೆತ್ತಗಾದ ರೊಟ್ಟಿಯನ್ನು ಕನ್ವೆಕ್ಷನ್ ಗುಂಡಿ ಒತ್ತಿ 160 ಡಿಗ್ರಿಯಲ್ಲಿ ಜಾಲರಿಯ ಮೇಲೆ ನಾಲ್ಕೈದು ನಿಮಿಷ ಇಡಿ, ಮತ್ತೆ ಪಟಪಟ ಮುರಿಯುತ್ತದೆ. ಇದೇ ನೋಡಿ ಮುಖ್ಯ. ಒಂದೇ ಪೆಟ್ಟಿಗೆ, ಒಳಗೆ ಮೂರು ಬೇರೆ ಬೇರೆ ಒಲೆ. ಮೈಕ್ರೋ ಅಂದರೆ ಅಲೆ. ಅದಕ್ಕೆ ಗಾಜು, ಪಿಂಗಾಣಿ ಸರಿ, ಸ್ಟೀಲು ಇಟ್ಟರೆ ಕಿಡಿ ಹಾರುತ್ತದೆ. ಕಪ್ಪಿನ ಅಂಚಿಗೆ ಬಂಗಾರದ ಗೆರೆ ಇದ್ದರೂ ಅದೇ ಗತಿ. ಗ್ರಿಲ್ ಅಂದರೆ ಮೇಲಿನ ಕಾದ ಸರಳಿನ ಶಾಖ. ಕನ್ವೆಕ್ಷನ್ ಅಂದರೆ ಬಿಸಿಗಾಳಿ, ಬೇಕರಿಯವನ ಭಟ್ಟಿಯ ಹಾಗೆ. ಅಲ್ಲಿ ಸ್ಟೀಲು, ಅಲ್ಯೂಮಿನಿಯಂ ನಡೆಯುತ್ತದೆ, ಪ್ಲಾಸ್ಟಿಕ್ ನಡೆಯುವುದಿಲ್ಲ. ಎರಡೂ ಕೂಡಿದ ಕಾಂಬಿನೇಷನ್ ಗುಂಡಿ ಇದ್ದರೆ ಕಂಪನಿಯ ಪುಸ್ತಕದಲ್ಲಿ ಹೇಳಿದ ಪಾತ್ರೆಯನ್ನೇ ಇಡಿ. ನನ್ನ ಮಗಳು ‘ಮೈಕ್ರೋವೇವ್ ಸೇಫ್’ ಅಂತ ಬರೆದ ಡಬ್ಬಿಯನ್ನು ಕನ್ವೆಕ್ಷನ್ನಿನಲ್ಲಿ 180 ಡಿಗ್ರಿಗೆ ಇಟ್ಟಳು. ಹದಿನೈದು ನಿಮಿಷದ ಮೇಲೆ ಡಬ್ಬಿಯೂ ಇಲ್ಲ, ಅದರೊಳಗಿನ ಕೇಕೂ ಇಲ್ಲ. ಗಾಜಿನ ತಟ್ಟೆಗೆ ಅಂಟಿದ ಬೆಲ್ಲದ ಪಾಕದಂಥದ್ದೊಂದು ಇತ್ತು. ಡಬ್ಬಿಯ ಮೇಲಿನ ಆ ಮಾತು ಮೈಕ್ರೋ ಗುಂಡಿಗೆ ಮಾತ್ರ ಅನ್ವಯ.

ಇನ್ನು ನನ್ನ ಕೈಯ ಕತೆ. ಮೇ ತಿಂಗಳು, ಮಧ್ಯಾಹ್ನ. ಕಾಫಿಗೆಂದು ಹೊಸ ಗಾಜಿನ ಲೋಟದಲ್ಲಿ ನೀರಿಟ್ಟು ಮೂರು ನಿಮಿಷ ಒತ್ತಿದೆ. ತೆಗೆದು ನೋಡಿದರೆ ಒಂದು ಗುಳ್ಳೆಯೂ ಇಲ್ಲ, ಕೆರೆಯ ನೀರಿನಂತೆ ಶಾಂತ. ಕಾಯ್ದಿಲ್ಲವೇನೋ ಅಂತ ಚಮಚದಿಂದ ಕಾಫಿಪುಡಿ ಹಾಕಿದೆ. ಬುಸ್ ಅಂತ ಅರ್ಧ ಲೋಟ ನೀರು ಎದ್ದು ನನ್ನ ಮಣಿಕಟ್ಟಿನ ಮೇಲೆ ಬಿತ್ತು! ಒಲೆಯ ಪಾತ್ರೆಯ ಒರಟು ತಳದಲ್ಲಿ ಗುಳ್ಳೆ ಹುಟ್ಟುತ್ತದೆ, ನುಣ್ಣನೆಯ ಗಾಜಿನಲ್ಲಿ ಹುಟ್ಟಲು ಜಾಗ ಸಿಗದೆ ನೀರು ನೂರು ಡಿಗ್ರಿ ದಾಟಿಯೂ ಸುಮ್ಮನೆ ಕೂತಿರುತ್ತದಂತೆ. ಚಮಚವೋ ಪುಡಿಯೋ ಸೋಕಿದ ಕೂಡಲೇ ಉಕ್ಕುತ್ತದೆ. ಮುಖ ಬಗ್ಗಿಸಿದ್ದರೆ ಏನಾಗುತ್ತಿತ್ತೋ!

ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಿಡಿದು ಓಡಿ ಬಂದರು. ಅತ್ತೆಯವರು ಅವರನ್ನು ಗದರಿಸಿ ಕಳಿಸಿ, ತಡವರಿಸುತ್ತಲೇ ಬಂದು ನನ್ನ ಬಳೆ ಬಿಚ್ಚಿಸಿ, ಹರವಿಯಿಂದ ತಂಬಿಗೆ ತಂಬಿಗೆ ನೀರು ಕೈ ಮೇಲೆ ಸುರಿಯುತ್ತ ಕೂತರು. ನಮ್ಮ ಯಾದಗಿರಿಯ ಮೇ ತಿಂಗಳಲ್ಲಿ ನಲ್ಲಿಯ ನೀರು ಸ್ನಾನಕ್ಕೇ ಸುಡುತ್ತದೆ, ತಣ್ಣೀರೆಂದರೆ ಮಣ್ಣಿನ ಹರವಿಯದೇ. ಇಪ್ಪತ್ತು ನಿಮಿಷ ಸುರಿದಿರಬೇಕು. ಆಮೇಲೆ ತೋರಿಸಿದಾಗ ವೈದ್ಯರೂ ಇದನ್ನೇ ಹೇಳಿದರು: ಐಸು ಬೇಡ, ಪೇಸ್ಟು ಬೇಡ, ಅರಿಶಿನ ಬೇಡ, ತಣ್ಣೀರು ಇಪ್ಪತ್ತು ನಿಮಿಷ, ಬಾವು ಬರುವ ಮೊದಲೇ ಬಳೆ ಉಂಗುರ ತೆಗೆಯಬೇಕು. ಈಗ ಲೋಟದಲ್ಲಿ ಒಂದು ಮರದ ಕಡ್ಡಿ ಇಲ್ಲದೆ ನಾನು ನೀರು ಕಾಸುವುದಿಲ್ಲ. ಚಹಾಪುಡಿ, ಸಕ್ಕರೆ ಮೊದಲೇ ಹಾಕಿಬಿಡುತ್ತೇನೆ. ಗಂಟೆ ಹೊಡೆದ ಮೇಲೆ ಅರ್ಧ ನಿಮಿಷ ಬಾಗಿಲು ತೆಗೆಯುವುದಿಲ್ಲ.

ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಬರೆಯಲೂ ಸಂಕೋಚ, ಆದರೂ ಬರೆಯುತ್ತೇನೆ. ಅದೇ ತಿಂಗಳು ಸುರಪುರದಲ್ಲಿ ತವರಿನ ಮದುವೆ. ಮುಂಜಾನೆ ಎಂಟಕ್ಕೆ ಅನ್ನ ಮಾಡಿಟ್ಟು ಎಲ್ಲರೂ ಹೋದೆವು. ರಾತ್ರಿ ಒಂಬತ್ತಕ್ಕೆ ತಿರುಗಿ ಬಂದರೆ ಮೊಮ್ಮಗನಿಗೆ ಹಸಿವು. ಅನ್ನ ಕಟ್ಟೆಯ ಮೇಲೆಯೇ ಇತ್ತು, ಹಳಸಿದ ವಾಸನೆ ಇರಲಿಲ್ಲ. ಓವನ್ನಿನಲ್ಲಿ ಹೊಗೆಯಾಡುವಷ್ಟು ಬಿಸಿ ಮಾಡಿ ಮೊಸರು ಕಲಸಿ ಕೊಟ್ಟೆ. ನಡುರಾತ್ರಿಗೆ ಮಗು ವಾಂತಿ ಮಾಡತೊಡಗಿತು. ನಾಲ್ಕು ಸಲ, ಐದು ಸಲ. ಆರು ವರ್ಷದ ಮಗು, ಕಣ್ಣು ಗುಳಿಬಿದ್ದು ನನ್ನ ತೊಡೆಯ ಮೇಲೆ ಸೋತು ಮಲಗಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ: “ಅನ್ನ ಎಷ್ಟು ಹೊತ್ತಿಂದು?” ಚೆನ್ನಾಗಿ ಬಿಸಿ ಮಾಡಿದ್ದೆ ಅಂತ ಹೇಳಿದೆ. ಬಿಸಿಗೆ ಕ್ರಿಮಿ ಸಾಯಬಹುದು ಅಮ್ಮ, ಆದರೆ ಸೆಕೆಯಲ್ಲಿ ಅನ್ನ ಕೂತಾಗ ಅದು ಹುಟ್ಟಿಸಿದ ವಿಷ ಕುದಿಸಿದರೂ ಹೋಗುವುದಿಲ್ಲ, ಅಂದರು. ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಸಿ, ಮರುದಿನ ಸಂಜೆಗೆ ಮಗು ಎದ್ದು ಆಡಿತು. ನಾನು ಮಾತ್ರ ಎರಡು ದಿನ ಅನ್ನ ಮುಟ್ಟಲಿಲ್ಲ.

ಒಲೆ ಇದ್ದ ಕಾಲದಲ್ಲಿ ತಂಗಳನ್ನವನ್ನು ನಾವು ಮೂಸಿ, ಅನುಮಾನ ಬಂದರೆ ದನಕ್ಕೆ ಹಾಕುತ್ತಿದ್ದೆವು. ಈ ಪೆಟ್ಟಿಗೆ ಬಂದ ಮೇಲೆ ಒಂದು ನಿಮಿಷದಲ್ಲಿ ಎಲ್ಲವೂ ಹೊಸದಾಗಿ ಕಾಣುತ್ತದೆ, ಅದೇ ಮೋಸ. ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಒಂದು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನದೊಳಗೆ, ಒಂದೇ ಸಲ ಬಿಸಿ ಮಾಡಿ ಮುಗಿಸಿ. ಕರೆಂಟು ನಾಲ್ಕು ತಾಸು ಹೋಗಿತ್ತೋ, ಆ ಅನ್ನದ ಆಸೆ ಬಿಡಿ. ಕೂಸಿನ ಹಾಲಿನ ಬಾಟಲಿಯನ್ನಂತೂ ಇದರಲ್ಲಿ ಇಡಲೇಬೇಡಿ. ಬಾಟಲಿ ಮುಟ್ಟಿದರೆ ತಣ್ಣಗೆ, ನಡುವೆ ಬಾಯಿ ಸುಡುವಷ್ಟು ಬಿಸಿ ಇರುತ್ತದೆ.

ಮದುವೆಗೆ ಹೋದಾಗಲೇ ಸುರಪುರದ ಅಣ್ಣನ ಮನೆಯಲ್ಲೂ ಇಂಥದ್ದೇ ಓವನ್ ಕಂಡೆ. ಹಳೆಯ ಮಾಳಿಗೆ ಮನೆ, ಹಳೆಯ ವೈರು. ಅತ್ತಿಗೆ “ಮುಟ್ಟಿದ್ರ ಜುಂ ಅಂತದ ನೋಡು” ಅಂತ ನಗುತ್ತ ಹೇಳಿದಳು. ನಗುವ ಮಾತೇ ಅದು? ನೋಡಿದರೆ ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಯನ್ನೇ ಯಾರೋ ಮುರಿದು ಎರಡು ತೂತಿನ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಆ ಕಡ್ಡಿಯೇ ಅರ್ಥ್, ನಮ್ಮ ಪ್ರಾಣ ಕಾಯುವುದು. ಕನ್ವೆಕ್ಷನ್ ಹಾಕಿದರೆ ಇದು 2,000 ವ್ಯಾಟ್ ಮೇಲೆ ಎಳೆಯುತ್ತದೆ. ಅರ್ಥ್ ಇರುವ 16 ಆಂಪಿಯರ್ ಸಾಕೆಟ್ ಬೇಕೇ ಬೇಕು, ಎಕ್ಸ್‌ಟೆನ್ಶನ್ ವೈರು ಕೂಡದು. ಕೆಟ್ಟರೆ ನಿಮ್ಮವರು ಸ್ಕ್ರೂಡ್ರೈವರ್ ಹಿಡಿದು ಕೂರದಂತೆ ನೋಡಿಕೊಳ್ಳಿ. ಪ್ಲಗ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಕಿರಣದಿಂದ ಕ್ಯಾನ್ಸರ್ ಬರುತ್ತದಾ ಅಂತ ಅತ್ತಿಗೆ ಕೇಳಿದಳು. ಈ ಅಲೆ ಆಹಾರವನ್ನು ಕಾಯಿಸುತ್ತದೆ, ಅಷ್ಟೇ. ಆರಿಸಿದ ಕೂಡಲೇ ದೀಪದ ಬೆಳಕಿನಂತೆ ಇಲ್ಲವಾಗುತ್ತದೆ. ಬಾಗಿಲು ಸೊಟ್ಟಗಾಗಿದ್ದರೆ, ಅಂಚಿನಲ್ಲಿ ಕೊಳೆ ಕಟ್ಟಿ ಮುಚ್ಚದಿದ್ದರೆ ಮಾತ್ರ ಬಳಸಬಾರದು.

ಬರೀ ಹೆದರಿಸಿದೆ ಅಂತೀರಾ? ನಾನು ಈಗ ವಾರಕ್ಕೆರಡು ಸಲ ಮಾಡುವ ಎಣ್ಣೆಗಾಯಿ ಹೇಳುತ್ತೇನೆ. ಸಣ್ಣ ಬದನೆಕಾಯಿ ಎಂಟು. ತೊಟ್ಟು ಬಿಡದೆ ನಾಲ್ಕು ಸೀಳು ಹಾಕಿ. ಸೀಳದೆ ಇಟ್ಟರೆ ಒಳಗಿನ ಹಬೆಗೆ ಸಿಡಿಯುತ್ತದೆ, ಮೊಟ್ಟೆ, ಆಲೂಗಡ್ಡೆಯೂ ಹಾಗೆಯೇ. ಹುರಿದ ಶೇಂಗಾ ಪುಡಿ ನಾಲ್ಕು ಚಮಚ, ಎಳ್ಳು, ಒಣಕೊಬ್ಬರಿ, ಗುರೆಳ್ಳು ಪುಡಿ ಒಂದೊಂದು ಚಮಚ, ಖಾರ, ಉಪ್ಪು, ಹುಣಸೆಹುಳಿ, ಚೂರು ಬೆಲ್ಲ, ಹೆಚ್ಚಿದ ಉಳ್ಳಾಗಡ್ಡಿ ಕಲಸಿ ತುಂಬಿ. ಗಾಜಿನ ಬೋಗುಣಿಯಲ್ಲಿ ಎರಡು ಚಮಚ ಎಣ್ಣೆ, ಅರ್ಧ ಬಟ್ಟಲು ನೀರು ಹಾಕಿ, ಮುಚ್ಚಳ ಓರೆಯಾಗಿಟ್ಟು ಮೈಕ್ರೋ ಪೂರ್ತಿ ಶಕ್ತಿಯಲ್ಲಿ ಐದು ನಿಮಿಷ. ಬದನೆಕಾಯಿ ತಿರುವಿ ಮತ್ತೆ ಐದು ನಿಮಿಷ. ಮೂರು ನಿಮಿಷ ಹಾಗೇ ಬಿಡಿ. ಮುಚ್ಚಳ ತೆಗೆಯುವಾಗ ಹಬೆ ನಿಮ್ಮ ಕಡೆ ಬರದಂತೆ ಆಚೆಗೆ ಎತ್ತಿ. ಜೋಳದ ರೊಟ್ಟಿ ಮಾತ್ರ ಹಂಚಿನ ಮೇಲೆಯೇ. ಅದನ್ನು ಇದರಲ್ಲಿ ಮಾಡಿ ನೋಡಿದೆ, ಚಪ್ಪಲಿಯ ಅಟ್ಟೆಯಾಯಿತು.

ಅತ್ತೆಯವರಿಗೆ ಓವನ್ನಿನ ಅಂಕಿ ಕಾಣುವುದಿಲ್ಲ. ಅರ್ಧ ನಿಮಿಷದ ಗುಂಡಿಯ ಮೇಲೆ ನನ್ನದೊಂದು ಕೆಂಪು ಟಿಕಳಿ ಅಂಟಿಸಿಕೊಟ್ಟಿದ್ದೇನೆ. ನಿಲ್ಲಿಸುವ ಗುಂಡಿಗೆ ಕರಿಯದು. ನಸುಕಿನ ಐದಕ್ಕೆ ದಪ್ಪ ಗಾಜಿನ ಕಪ್ಪಿನಲ್ಲಿ ಅರ್ಧದಷ್ಟು ನೀರು, ಹಾಲು, ಚಹಾಪುಡಿ, ಸಕ್ಕರೆ, ಮರದ ಕಡ್ಡಿ ಹಾಕಿ ಕೆಂಪು ಟಿಕಳಿಯನ್ನು ಮೂರು ಸಲ ಒತ್ತುತ್ತಾರೆ. ಗಂಟೆ ಹೊಡೆದ ಮೇಲೆ ಒಂದರಿಂದ ಮೂವತ್ತರ ತನಕ ಜೋರಾಗಿ ಎಣಿಸುವುದು ನನಗೆ ಮಲಗಿದಲ್ಲಿಗೇ ಕೇಳುತ್ತದೆ. ನಿನ್ನೆ ಟಿಕಳಿ ಉದುರಿಬಿದ್ದು ನನ್ನನ್ನು ಎಬ್ಬಿಸಿದರು. ಈ ಸಲ ಅಂಗಡಿಯಿಂದ ಸ್ವಲ್ಪ ದೊಡ್ಡದನ್ನೇ ತರಬೇಕು.