ಮನೆ ಸುಟ್ಟಿತು, ಆಮೇಲೆ ಪರ್ಸೆಂಟೇಜಿನವರು ಬಂದರು

ನಮ್ಮದು ಹಳೇ ಹಂಚಿನ ಮನೆ. ಹೋದ ಬೇಸಿಗೆಯಲ್ಲಿ ಅಡುಗೆಮನೆಯ ಫ್ರಿಜ್ಜಿನಲ್ಲಿ ಶಾರ್ಟ್ ಆಗಿ ಬೆಂಕಿ ಹತ್ತಿತು. ಅಟ್ಟದಲ್ಲಿ ಸೌದೆ, ತೆಂಗಿನ ಸಿಪ್ಪೆ ಇತ್ತು. ತೊಲೆ, ಪಕಾಸಿ, ರೀಪು ಎಲ್ಲ ಒಣಗಿದ ಮರ. ತಾಲ್ಲೂಕಿನಿಂದ ಅಗ್ನಿಶಾಮಕ ಗಾಡಿ ಬರುವಷ್ಟರಲ್ಲಿ ಅಡುಗೆಮನೆ ಮತ್ತು ಪಕ್ಕದ ಕೋಣೆಯ ಮಾಡು ಕೆಳಗೆ ಬಂದಿತ್ತು. ಜನ, ದನ ಉಳಿದವು. ಆ ರಾತ್ರಿಯ ಬಗ್ಗೆ ಇಷ್ಟು ಸಾಕು.

ಮನೆ ರಿಪೇರಿಗೆ ಅಂತ ಬ್ಯಾಂಕಿನಲ್ಲಿ ಸಾಲ ತೆಗೆದಾಗ ಮ್ಯಾನೇಜರು ವಿಮೆಯನ್ನೂ ಸೇರಿಸಿದ್ದರು. ಪಾಲಿಸಿಯ ಹೆಸರು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದದ್ದು, ಯಾವ ಕಂಪನಿಯಲ್ಲಿ ತೆಗೆದರೂ ಮೂಲ ನಿಯಮ ಒಂದೇ. ನಿಮ್ಮಲ್ಲೂ ಮನೆ ಸಾಲ ಇದ್ದರೆ ಸಾಲದ ಕಾಗದದ ಕಟ್ಟು ಒಮ್ಮೆ ಬಿಚ್ಚಿ ನೋಡಿ, ಅದರೊಳಗೆ ಇಂಥದೊಂದು ಹಾಳೆ ಇದ್ದರೂ ಇರಬಹುದು.

ಮರುದಿನವೇ ಬ್ಯಾಂಕಿಗೂ ಕಂಪನಿಗೂ ತಿಳಿಸಿದೆವು. ನಾಲ್ಕನೇ ದಿನ ಪೇಟೆಯಿಂದ ಒಬ್ಬರು ಬೈಕಿನಲ್ಲಿ ಬಂದರು. "ಕ್ಲೇಮ್ ಎಲ್ಲಾ ನಾನೇ ಮಾಡಿಸಿಕೊಡ್ತೀನಿ. ಬಂದ ದುಡ್ಡಲ್ಲಿ ನೂರಕ್ಕೆ ಹದಿನೈದು ನನಗೆ. ಸರ್ವೇಯರ್ ಪರಿಚಯದವರೇ" ಅಂದರು. ಟಿವಿ ಒಂದಿದ್ದರೆ ಎರಡು ಅಂತ ಬರೆಸಿ ಎಂದೂ ಹೇಳಿದರು. ಅಪ್ಪನಿಗೆ ಅರ್ಧ ಮನಸ್ಸು. ಇಂಗ್ಲಿಷಿನ ಫಾರ್ಮು, ಕೈಯಲ್ಲಿ ಕಾಸಿಲ್ಲ, ತಲೆ ಮೇಲೆ ಮಾಡಿಲ್ಲ. ಯಾರಾದರೂ ಹೊರೆ ಹೊರುತ್ತೇನೆ ಅಂದರೆ ಬೇಡ ಅನ್ನುವುದು ಸುಲಭವಲ್ಲ.

ಅಮೆರಿಕದ ಟೆಕ್ಸಾಸ್‌ನಲ್ಲಿರುವ ಚಿಕ್ಕಪ್ಪನ ಮಗ ಫೋನಿನಲ್ಲಿ, "ಇಲ್ಲಿ ಎಲ್ಲರೂ ಅಂಥವರನ್ನ ಇಟ್ಕೊಳ್ತಾರಪ್ಪ" ಅಂದ. ಅಲ್ಲಿ ಅವರಿಗೆ ಪಬ್ಲಿಕ್ ಅಡ್ಜಸ್ಟರ್ ಅನ್ನುತ್ತಾರೆ. ಕಂಪನಿಯ ಪರವಾಗಿ ಅಲ್ಲ, ಮನೆಯವರ ಪರವಾಗಿ ನಷ್ಟ ಲೆಕ್ಕ ಹಾಕಿ ಕಂಪನಿಯ ಜೊತೆ ಮಾತಾಡುವವರು. ಆದರೆ ಅವರಿಗೆ ರಾಜ್ಯ ಸರ್ಕಾರದ ಲೈಸೆನ್ಸ್ ಬೇಕು, ಮತ್ತು ಟೆಕ್ಸಾಸ್‌ನಲ್ಲಿ ಬಂದ ಪರಿಹಾರದ ಶೇಕಡಾ 10ಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. ತಪ್ಪು ಮಾಡಿದರೆ ಲೈಸೆನ್ಸ್ ಹೋಗುತ್ತದೆ. ನಮ್ಮ ಅಂಗಳಕ್ಕೆ ಬಂದವರ ಹತ್ತಿರ ಇದ್ದದ್ದು ಒಂದು ವಿಸಿಟಿಂಗ್ ಕಾರ್ಡು.

ನಮ್ಮಲ್ಲಿ ಲೈಸೆನ್ಸ್ ಇರುವುದು ಸರ್ವೇಯರಿಗೆ. ಅದನ್ನು ಕೊಡುವುದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ. ಅವರನ್ನು ಕಳಿಸುವುದು ಕಂಪನಿ, ಫೀಸು ಕೊಡುವುದೂ ಕಂಪನಿಯೇ. ನಾವು ಅವರಿಗೆ ಕೊಡಬೇಕಾದ್ದು ಟೀ ಮಾತ್ರ. ಸುಳ್ಳು ಟಿವಿಯ ಮಾತಂತೂ ಅಮ್ಮನಿಗೆ ಸಿಟ್ಟೇ ಬರಿಸಿತು. ಒಂದು ಸುಳ್ಳು ಸಿಕ್ಕರೆ ಇಡೀ ಕ್ಲೇಮೇ ತಿರಸ್ಕಾರ ಆಗಬಹುದು. ಆಗ ಹದಿನೈದು ಪರ್ಸೆಂಟಿನವರು ಫೋನ್ ಎತ್ತುತ್ತಾರೆಯೇ? ಬೇಡ ಅಂತ ಹೇಳಿ ಕಳಿಸಿದೆವು.

ಬದಲಿಗೆ ತಾಲ್ಲೂಕಿನ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿದೆವು. ಪರ್ಸೆಂಟೇಜ್ ಇಲ್ಲ, ಒಂದೇ ಫೀಸು. ಅವರು ಗೋಡೆಯ ಬಿರುಕು, ತೊಲೆಯ ಉದ್ದ, ಹಂಚಿನ ಲೆಕ್ಕ ಎಲ್ಲ ಅಳೆದು, ದುರಸ್ತಿಗೆ ಎಷ್ಟಾಗುತ್ತದೆ ಅಂತ ಸಹಿ ಹಾಕಿದ ಎಸ್ಟಿಮೇಟ್ ಕೊಟ್ಟರು. ಇಂಥ ಫೀಸನ್ನೂ ಕ್ಲೇಮಿನ ಶೇಕಡಾ 5ರವರೆಗೆ, ಸುಟ್ಟ ಅವಶೇಷ ಸಾಗಿಸುವ ಖರ್ಚನ್ನು ಶೇಕಡಾ 2ರವರೆಗೆ ಇದೇ ಪಾಲಿಸಿ ಕೊಡುತ್ತದೆ. ಇದನ್ನು ನಮಗೆ ಯಾರೂ ಹೇಳಲಿಲ್ಲ, ಪಾಲಿಸಿಯ ಸಣ್ಣಕ್ಷರದಲ್ಲಿ ಸಿಕ್ಕಿತು.

ಸಾಮಾನಿನ ಪಟ್ಟಿ ಅಮ್ಮನ ಕೆಲಸ. ಕಣ್ಣು ಮುಚ್ಚಿ ಕೂತು, ಬಾಗಿಲಿನಿಂದ ಶುರುಮಾಡಿ ಗೋಡೆ ಗೋಡೆಯಾಗಿ ಹೇಳುತ್ತಾ ಹೋದಳು: ಗ್ರೈಂಡರ್, ಮಿಕ್ಸಿ, ಎರಡು ಹಂಡೆ, ಅಕ್ಕಿ ಡ್ರಮ್, ಬೀರು. ಬಿಲ್ಲು ಯಾವುದಕ್ಕಿದೆ? ತಂಗಿಯ ಸೀಮಂತದ ವಿಡಿಯೋ ನೆರವಿಗೆ ಬಂತು. ಮುತ್ತೈದೆಯರು ಆರತಿ ಎತ್ತುವಾಗ ಹಿಂದೆ ಗ್ರೈಂಡರ್ ಕಾಣುತ್ತದೆ, ಇನ್ನೊಂದು ಕಡೆ ಬೀರು. ಅದನ್ನೇ ನಿಲ್ಲಿಸಿ ನಿಲ್ಲಿಸಿ ಫೋಟೋ ತೆಗೆದುಕೊಂಡೆವು. ಕಟ್ಟಡದ ವಿಮಾ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಮನೆ ಸಾಮಾನಿಗೆ ತಾನಾಗಿಯೇ ವಿಮೆ ಇರುತ್ತದೆ. ಒಡವೆ ಅದರಲ್ಲಿ ಸೇರುವುದಿಲ್ಲ, ಅದಕ್ಕೆ ಬೇರೆ ಕವರ್ ತಗೊಂಡಿರಬೇಕು.

ಸರ್ವೇಯರ್ ಬರುವ ತನಕ ಬೂದಿಯನ್ನೂ ಮುಟ್ಟಲಿಲ್ಲ. ಬಂದಿದ್ದ ಮಳೆ ಮೋಡ ನೋಡಿ ಟಾರ್ಪಾಲ್ ಕಟ್ಟಿದೆವು, ಕಟ್ಟುವ ಮೊದಲು ಫೋಟೋ ತೆಗೆದೆವು. ಅವರು ಎರಡು ಗಂಟೆ ನೋಡಿದರು, ಒಳ್ಳೆಯ ಮನುಷ್ಯರೇ. ಫ್ರಿಜ್ಜಿಗೆ ದುಡ್ಡು ಬರುವುದಿಲ್ಲ ಅಂದರು. ಶಾರ್ಟ್ ಆದ ಆ ಒಂದು ಯಂತ್ರಕ್ಕೆ ಪರಿಹಾರ ಇಲ್ಲ, ಅದರಿಂದ ಹರಡಿದ ಬೆಂಕಿಗೆ ಸುಟ್ಟ ಮಿಕ್ಕಿದ್ದಕ್ಕೆಲ್ಲ ಇದೆ. ವಿಚಿತ್ರ ಅನ್ನಿಸಿದರೂ ಪಾಲಿಸಿಯಲ್ಲಿ ಹಾಗೇ ಬರೆದಿದೆ.

ಜಗಳ ಆದದ್ದು ವರದಿ ಬಂದ ಮೇಲೆ. ವರದಿಯ ಪ್ರತಿ ಬೇಕು ಅಂತ ಕೇಳಿ ತಗೊಂಡೆವು. ಅದು ನಿಮ್ಮ ಹಕ್ಕು, ಕೇಳಿ. ತೊಲೆ ಹಳೇದು ಅಂತ ಸವಕಳಿ ಲೆಕ್ಕದಲ್ಲಿ ದೊಡ್ಡ ಮೊತ್ತ ಕಳೆದಿದ್ದರು. ಈ ಪಾಲಿಸಿ ಕಟ್ಟಡಕ್ಕೆ ಕೊಡುವುದು ದುರಸ್ತಿಯ ಖರ್ಚನ್ನು, ಹಳೇ ಮರದ ಬೆಲೆಯನ್ನಲ್ಲ. ಎಂಜಿನಿಯರ ಎಸ್ಟಿಮೇಟ್ ಲಗತ್ತಿಸಿ, ಪಾಲಿಸಿಯ ಆ ಸಾಲಿಗೆ ಗೆರೆ ಎಳೆದು, ಕಂಪನಿಯ ದೂರು ವಿಭಾಗಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿದೆವು.

ಅವರು ಒಪ್ಪದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುವುದೆಂದು ಅರ್ಜಿ ಬರೆದೇ ಇಟ್ಟಿದ್ದೆವು. ಕಂಪನಿಗೆ ಪತ್ರ ಕೊಟ್ಟು ಒಂದು ತಿಂಗಳು ಕಾದ ಮೇಲೆ ಅಲ್ಲಿಗೆ ಹೋಗಬಹುದು. ಕಂಪನಿ ಇಲ್ಲ ಅಂದರೆ, ಅಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಫೀಸಿಲ್ಲ. ವಕೀಲರಿಗೂ ಏಜೆಂಟರಿಗೂ ಅಲ್ಲಿ ಜಾಗವಿಲ್ಲ, ಮನೆಯವರೇ ಮಾತಾಡಬೇಕು.

ಅರ್ಜಿ ಹಾಕುವ ಅಗತ್ಯ ಬರಲಿಲ್ಲ. ಇಪ್ಪತ್ತಾರನೇ ದಿನಕ್ಕೆ ಉತ್ತರ ಬಂತು, ಸವಕಳಿ ತೆಗೆದುಹಾಕಿದ್ದರು. ಸಾಲ ಇದ್ದದ್ದರಿಂದ ದುಡ್ಡು ಮೊದಲು ಬ್ಯಾಂಕಿಗೇ ಹೋಯಿತು. ಅದನ್ನು ರಿಪೇರಿಗೆ ಬಿಡಿಸಿಕೊಳ್ಳಲು ಅಪ್ಪ ನಾಲ್ಕು ಸಲ ಓಡಾಡಿದರು. ಈಗ ಮಾಡು ಎದ್ದಿದೆ, ಅಟ್ಟ ಇನ್ನೂ ಆಗಿಲ್ಲ. ಸೌದೆಯನ್ನು ಕೊಟ್ಟಿಗೆಯ ಹಿಂದೆ ಒಟ್ಟಿದ್ದೇವೆ.