ಅದಿಯಮಾನನ ಕುಲುಮೆ, ವಿಮಾನದ ಬಿಡಿಭಾಗ

ಧರ್ಮಪುರಿಯಿಂದ ಸೇಲಂ ದಿಕ್ಕಿಗೆ ಏಳೆಂಟು ಕಿಲೋಮೀಟರ್ ಸಾಗಿದರೆ ಅದಿಯಮಾನ್‌ಕೋಟೆ ಸಿಗುತ್ತದೆ. ಕಾಲಭೈರವನ ದರ್ಶನಕ್ಕೆ ಬರುವವರೇ ಇಲ್ಲಿ ಹೆಚ್ಚು. ಹಳೆಯ ವರ್ಣಚಿತ್ರಗಳುಳ್ಳ ಚೆನ್ನರಾಯ ಪೆರುಮಾಳ್ ಗುಡಿಯೂ ಇಲ್ಲಿದೆ. ಆ ದೇವರ ಹೆಸರು ಕನ್ನಡದ ಮನೆಗಳಿಗೆ ಹೊಸತಲ್ಲ. ಇಲ್ಲಿಗೆ ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದು ಕುಲುಮೆ.

ಸಂಘಕಾಲದಲ್ಲಿ ತಗಡೂರನ್ನಾಳಿದ ಅದಿಯಮಾನ್ ನೆಡುಮಾನ್ ಅಂಜಿಯ ದೂತೆಯಾಗಿ ಕವಯಿತ್ರಿ ಅವ್ವೈಯಾರ್ ತೊಂಡೈಮಾನನಲ್ಲಿಗೆ ಹೋದರಂತೆ. ಅವನು ಸಿಂಗರಿಸಿಟ್ಟ ತನ್ನ ಆಯುಧಶಾಲೆಯನ್ನು ಹೆಮ್ಮೆಯಿಂದ ತೋರಿಸಿದನು. ತಮ್ಮ ದೊರೆಯ ಆಯುಧಗಳು ಮೊನೆ ಮುರಿದು ಕಮ್ಮಾರನ ಕೊಟ್ಟಿಗೆಯಲ್ಲಿವೆ ಎಂಬುದು ಆಕೆಯ ಉತ್ತರದ ಸಾರ. ಹೊಳೆಯುವುದು ಬೇರೆ, ಕೆಲಸದಲ್ಲಿ ಪರೀಕ್ಷೆಗೊಳಗಾಗುವುದು ಬೇರೆ.

ಈ ಸೀಮೆಗೆ ಲೋಹ ಹೊಸತಲ್ಲ. ನೆರೆಯ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಸುಮಾರು 4200 ವರ್ಷಗಳ ಹಿಂದೆಯೇ ಕಬ್ಬಿಣದ ಬಳಕೆಯಿತ್ತೆಂದು 2022ರಲ್ಲಿ ಪ್ರಕಟವಾಯಿತು. ಕಮ್ಮಾರನು ಲೋಹವನ್ನು ಬಡಿದು ರೂಪಿಸಿದನು. ಯಂತ್ರಶಾಲೆಯು ಗಟ್ಟಿಯನ್ನು ಕೊರೆದು ರೂಪಿಸಿತು. ಈಗ ಮೂರನೆಯ ದಾರಿಯೊಂದು ತೆರೆದಿದೆ. ಲೋಹದ ಪುಡಿಯನ್ನು ಕೂದಲೆಳೆಯಷ್ಟು ತೆಳುವಾಗಿ ಹರಡಿ, ಬೇಕಾದಲ್ಲಿ ಮಾತ್ರ ಲೇಸರ್‌ನಿಂದ ಕರಗಿಸಿ, ಪದರದ ಮೇಲೆ ಪದರವಾಗಿ ವಸ್ತುವನ್ನು ಬೆಳೆಸುತ್ತಾರೆ. ಇದೇ ತ್ರಿ-ಡಿ ಮುದ್ರಣ. ಲೀಪ್ ಎಂಬ ವಿಮಾನ ಎಂಜಿನ್ನಿನ ಇಂಧನ ನಳಿಕೆಯ ತುದಿಗೆ ಹಿಂದೆ ಸುಮಾರು 20 ಬಿಡಿಭಾಗಗಳು ಬೇಕಿದ್ದವು. ಇಂದು ಅದು ಒಂದೇ ತುಂಡು, ತೂಕವೂ ಶೇ. 25ರಷ್ಟು ಕಡಿಮೆ. ತೂಕ ಇಳಿದಷ್ಟೂ ಇಂಧನ ಉಳಿಯುತ್ತದೆ.

ಆದರೆ ಮುದ್ರಿತ ಲೋಹದೊಳಗೆ ಕಣ್ಣಿಗೆ ಕಾಣದ ರಂಧ್ರ ಉಳಿಯಬಹುದು. ಹಾರಾಟದ ಕಂಪನಕ್ಕೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಆದ್ದರಿಂದ ಕ್ಷ-ಕಿರಣದಿಂದ ಒಳಗನ್ನು ನೋಡುತ್ತಾರೆ; ಮಾದರಿಗಳನ್ನು ಎಳೆದು, ಮುರಿದು ಪರೀಕ್ಷಿಸುತ್ತಾರೆ. ಬೆಂಗಳೂರಿನ ಎಚ್‌ಎಎಲ್ ಮತ್ತು ವಿಪ್ರೋ ತ್ರಿ-ಡಿ ಸೇರಿ ಮುದ್ರಿಸಿದ ಎಂಜಿನ್ ಭಾಗವೊಂದಕ್ಕೆ ಹಾರಾಟಯೋಗ್ಯತೆಯ ಪ್ರಮಾಣಪತ್ರ ದೊರೆತ ಸುದ್ದಿ 2021ರಲ್ಲಿ ಬಂದಿತು. ಸಾಕ್ಷ್ಯವಿಲ್ಲದ ಮಾತು ನ್ಯಾಯಾಲಯದಲ್ಲಿ ನಿಲ್ಲದು. ಪ್ರಮಾಣವಿಲ್ಲದ ಭಾಗ ಆಕಾಶಕ್ಕೇರದು. ವಕೀಲನಾದ ನನಗೆ ಈ ಶಿಸ್ತು ಹಿಡಿಸಿತು.

ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರ್‌ನಲ್ಲಿ ಹೊಸೂರು, ಸೇಲಂ ಎರಡೂ ಸೇರಿವೆ. ಅವುಗಳ ನಡುವಿನ ದಾರಿಯಲ್ಲಿ ಈ ಊರಿದೆ. ‘ಕನ್ನಡದಲ್ಲಿ ಓದಿದ ಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕೀತೇ?’ ಎಂದು ಪೋಷಕರು ಕೇಳುತ್ತಾರೆ. ಅವರ ಆತಂಕ ಸುಳ್ಳಲ್ಲ. ಮುಂದೆ ಇಂಗ್ಲಿಷ್, ತಮಿಳು ಎರಡೂ ಬೇಕಾಗುತ್ತವೆ. ಆದರೆ ಸಣ್ಣ ರಂಧ್ರವೊಂದು ಏಕೆ ಬಿರುಕಾಗುತ್ತದೆಂಬುದನ್ನು ತಾಯ್ನುಡಿಯಲ್ಲಿ ಚೆನ್ನಾಗಿ ಅರಿತ ಮಗುವಿಗೆ ಉಳಿದ ಪದಗಳನ್ನು ಕಲಿಯುವುದು ಕಷ್ಟವಾಗದು. ಮುಂದಿನ ಭಾನುವಾರ ಮಕ್ಕಳನ್ನು ಇಲ್ಲಿಗೆ ಕರೆತನ್ನಿ. ಗುಡಿಯ ಚಿತ್ರಗಳನ್ನು ತೋರಿಸಿ, ಅವ್ವೈಯ ಕಥೆ ಹೇಳಿ. ಕುಲುಮೆಯ ಮಾತನ್ನು ಮಾತ್ರ ಮರೆಯಬೇಡಿ.