ಗುಂಡು ಬಂಡೆ, ಅಗಲ ಕಣ್ಣು

ಹೈದರಾಬಾದಿನಲ್ಲಿ ಬಂಡೆ ನೋಡಲು ಊರಾಚೆ ಹೋಗಬೇಕಿಲ್ಲ. ಮಣಿಕೊಂಡದ ಅಪಾರ್ಟ್‌ಮೆಂಟುಗಳ ನಡುವೆ, ಖಾಜಾಗುಡದ ಗುಡ್ಡದ ಮೇಲೆ, ಮೌಲಾ ಅಲಿಯಲ್ಲಿ, ಗೋಲ್ಕೊಂಡದ ಕೋಟೆಗೋಡೆಯ ಬುಡದಲ್ಲಿ, ಎಲ್ಲ ಕಡೆ ಅವೇ. ರಾಯಚೂರು, ಹಂಪಿ ಕಡೆಯವರಿಗೆ ಇದು ಹೊಸ ನೋಟವೇನಲ್ಲ; ಅಲ್ಲಿರುವುದೂ ದಖ್ಖನ್ನಿನ ಇಂಥದೇ ಗ್ರಾನೈಟು. ಇಲ್ಲಿಯ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಯಾರೋ ತಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳೆಲ್ಲ ನಿಂತಲ್ಲೇ ಆದಂಥವು. ಬಿರುಕಿಗೆ ಇಳಿದ ನೀರು ಚೌಕ ಕಲ್ಲಿನ ಮೂಲೆಗಳನ್ನು ಮೊದಲು ಸವೆಸುತ್ತದೆ, ಪುಡಿ ಕೊಚ್ಚಿಹೋಗುತ್ತದೆ, ಉಂಡೆ ಉಳಿಯುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಅಂಥದೊಂದು ಜೋಡಿಯಿತ್ತು. ಈಗ ಅಲ್ಲಿ ಕಾಂಪೌಂಡು ಗೋಡೆ. ಮನೆ ಮಾಲೀಕರ ಮೊಬೈಲಿನಲ್ಲಿ ಅದರ ಒಂದೇ ಒಂದು ಚಿತ್ರವಿದೆ, ಗೃಹಪ್ರವೇಶಕ್ಕೆ ಬಂದವರನ್ನೆಲ್ಲ ಒಂದೇ ಫೋಟೋದಲ್ಲಿ ಹಿಡಿಸಲು ತೆಗೆದದ್ದು. ಬಂಡೆಗಳು ಬಲ ಅಂಚಿಗೆ ಸರಿದು, ಮೊಟ್ಟೆಯಂತೆ ಎಳೆದುಕೊಂಡು, ಹೊರಕ್ಕೆ ವಾಲಿವೆ. ನಾಳೆ ಅದನ್ನು ನೋಡುವ ಅವರ ಮೊಮ್ಮಗಳಿಗೆ ಬಂಡೆಗಳು ಇದ್ದದ್ದೇ ಹಾಗೆ. ಉಳಿದವನ್ನಾದರೂ ನೆಟ್ಟಗೆ ತೆಗೆದಿಡೋಣ ಎಂದು ನಾನು ಅಗಲ ಕೋನದ ಲೆನ್ಸು ಹುಡುಕತೊಡಗಿದ್ದು ಆಮೇಲೆ.

ಪದಕ್ಕೆ ಇಷ್ಟು ಎಂದು ದುಡಿಯುವ ಅನುವಾದಕರಿಗೆ ಕ್ಯಾಮೆರಾ ಕಂಪನಿಯದೇ ಲೆನ್ಸು ದುಬಾರಿ. ಉಳಿದದ್ದು ಥರ್ಡ್ ಪಾರ್ಟಿ: ಸಿಗ್ಮಾ, ಟ್ಯಾಮ್ರಾನ್, ಟೋಕಿನಾ, ಸಮ್ಯಾಂಗ್. ಇವನ್ನು ‘ಡೂಪ್ಲಿಕೇಟು’ ಎನ್ನುವವರು ಈಗಲೂ ಇದ್ದಾರೆ. ಟ್ಯಾಮ್ರಾನ್ ಮತ್ತು ಟೋಕಿನಾ 1950ರಿಂದ, ಸಿಗ್ಮಾ 1961ರಿಂದ ಇರುವ ಜಪಾನಿನ ಕಂಪನಿಗಳು. ಲೆನ್ಸಿನ ವಿನ್ಯಾಸ ಅವರದೇ. ಅವರಿಗೆ ಕಷ್ಟವಾಗುವುದು ಮಾತು. ಬಾಡಿ ಮತ್ತು ಲೆನ್ಸು ತಮ್ಮೊಳಗೆ ಸಂಕೇತಗಳಲ್ಲಿ ಮಾತಾಡಿಕೊಳ್ಳುತ್ತವೆ. ಆ ನುಡಿಯ ವ್ಯಾಕರಣವನ್ನು ಕ್ಯಾಮೆರಾ ಕಂಪನಿ ಕೊಡದಿದ್ದರೆ ಹೊರಗಿನವರು ಕೇಳಿ ಕೇಳಿಯೇ ಬರೆದುಕೊಳ್ಳಬೇಕು. ಲಿಪಿಯಿಲ್ಲದ ನುಡಿಯನ್ನಾಡುವವರ ಮುಂದೆ ನೋಟ್‌ಬುಕ್ ಹಿಡಿದು ಕೂತ ಭಾಷಾವಿಜ್ಞಾನದ ವಿದ್ಯಾರ್ಥಿ ಮಾಡುವುದೂ ಇದನ್ನೇ. ಹಾಗೆ ಬರೆದ ವ್ಯಾಕರಣ ಬಾಡಿಯ ಫರ್ಮ್‌ವೇರ್ ಬದಲಾದ ದಿನ ಕೈಕೊಡಬಹುದು. ಸೋನಿ 2011ರಲ್ಲಿ ತನ್ನ ಇ-ಮೌಂಟಿನ ಮೂಲ ವಿವರಗಳನ್ನು ಬೇರೆ ತಯಾರಕರಿಗೆ ತೆರೆಯಿತು. ಕ್ಯಾನನ್ ತನ್ನ ಆರ್‌ಎಫ್ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್‌ಗಳ ಎಪಿಎಸ್-ಸಿ ಲೆನ್ಸುಗಳನ್ನು ಬಿಟ್ಟುಕೊಂಡದ್ದು 2024ರಲ್ಲಿ.

ಆದ್ದರಿಂದ ಮೊದಲು ಕೇಳಬೇಕಾದದ್ದು, ಈ ಲೆನ್ಸು ನನ್ನ ಬಾಡಿಯೊಂದಿಗೆ ಎಷ್ಟು ಮಾತಾಡುತ್ತದೆ ಎಂಬುದು. ಟೋಕಿನಾದ ಹೆಸರಾಂತ 11-16 ಎಂಎಂ ಲೆನ್ಸಿನ ಮೊದಲ ನಿಕಾನ್ ಆವೃತ್ತಿಯೊಳಗೆ ಮೋಟರ್ ಇರಲಿಲ್ಲ. ನನ್ನದರಂಥ, ತನ್ನೊಳಗೂ ಮೋಟರ್ ಇಲ್ಲದ ಬಾಡಿಯ ಮೇಲೆ ಅದನ್ನು ಕೈಯಲ್ಲೇ ಫೋಕಸ್ ಮಾಡಬೇಕು. 2012ರ ಎರಡನೆಯ ಆವೃತ್ತಿಯಲ್ಲಿ ಮೋಟರ್ ಬಂತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೋಡಿಕೊಳ್ಳಿ. ನನಗೆ ಅದು ದೊಡ್ಡ ಕೊರತೆಯಲ್ಲ. ಬಂಡೆ ಎಲ್ಲಿಗೂ ಓಡುವುದಿಲ್ಲ.

ಎರಡು ಲೆನ್ಸುಗಳನ್ನು ಶನಿವಾರ, ಭಾನುವಾರಕ್ಕೆ ಬಾಡಿಗೆಗೆ ತಂದೆ. ಹೆಸರು ಹೇಳುವುದಿಲ್ಲ, ಒಂದೇ ಮಾದರಿಯ ಎರಡು ಲೆನ್ಸುಗಳ ನಡುವೆಯೇ ವ್ಯತ್ಯಾಸವಿರುತ್ತದೆ, ಬಾಡಿಗೆಯದು ಯಾರ ಕೈಯಿಂದ ಎಷ್ಟು ಸಲ ಬಿದ್ದಿದೆಯೋ. ಪರೀಕ್ಷೆ ಸರಳ. ಖಾಜಾಗುಡದ ಮೇಲೆ ಟ್ರೈಪಾಡ್ ಊರಿ, ಎಫ್/8ಕ್ಕೆ ಇಟ್ಟು, ದೂರದ ಗೋಪುರದ ಕಿಟಕಿಗಳ ಮೇಲೆ ಫೋಕಸ್ ಮಾಡಿ, ಆ ಕಿಟಕಿಗಳನ್ನೇ ಒಂದೊಂದು ಸಲ ಚಿತ್ರದ ಒಂದೊಂದು ಮೂಲೆಗೆ ತಂದು ಕ್ಲಿಕ್ಕಿಸಿದೆ. ಮೊದಲನೆಯದರಲ್ಲಿ ಮೂರು ಮೂಲೆ ಚೂಪು, ನಾಲ್ಕನೆಯದು ಕಲಸಿದಂತೆ. ಒಳಗಿನ ಯಾವುದೋ ಗಾಜು ತನ್ನ ನಡುಗೆರೆಯಿಂದ ಸರಿದು ಕೂತಿದೆ ಎಂದರ್ಥ. ಎರಡನೆಯದರಲ್ಲಿ ನಾಲ್ಕೂ ಮೂಲೆ ಸಮನಾಗಿ ಕೊಂಚ ಮೆದು. ಈ ಮೆದುತನ ಎಫ್/11ರಲ್ಲಿ ಬಹುಪಾಲು ಹೋಯಿತು. ಎಫ್/16 ದಾಟಿದರೆ ವಿವರ್ತನೆಯಿಂದ ಇಡೀ ಚಿತ್ರವೇ ಮಂಕಾಗುತ್ತದೆ. ಸರಿದು ಕೂತ ಗಾಜಿಗೆ ಇಂಥ ಸುಲಭ ಮದ್ದಿಲ್ಲ.

ಆಮೇಲೆ ಗೆರೆಗಳು. ಬಂಡೆಯಲ್ಲಿ ನೇರ ಗೆರೆಯೇ ಇಲ್ಲವಾದ್ದರಿಂದ ಲೆನ್ಸು ಬಾಗಿಸಿದರೂ ತಿಳಿಯುವುದಿಲ್ಲ. ತಿಳಿಸಿದ್ದು ಬಂಡೆಯನ್ನು ಒಡೆದು ಎದ್ದ ಅಪಾರ್ಟ್‌ಮೆಂಟೇ. ಪೀಪಾಯಿಯಂತೆ ಉಬ್ಬಿದ ಗೆರೆಯನ್ನು ಸಾಫ್ಟ್‌ವೇರ್ ಸುಲಭವಾಗಿ ತಿದ್ದುತ್ತದೆ. ಸಮ್ಯಾಂಗ್ 14 ಎಂಎಂ ಎಫ್/2.8 ಹೆಸರಾಗಿರುವ ಮೀಸೆಯಾಕಾರದ ಅಲೆಗೆ ಆ ಲೆನ್ಸಿಗೆಂದೇ ಮಾಡಿದ ಪ್ರೊಫೈಲ್ ಬೇಕು.

ಇಷ್ಟೆಲ್ಲ ಆದ ಮೇಲೂ ಮಾಲೀಕರ ಮೊಬೈಲಿನ ಮೊಟ್ಟೆ ಹೋಗಲಿಲ್ಲ. ಅದು ಯಾವ ಕಂಪನಿಯ ದೋಷವೂ ಅಲ್ಲ, ರೇಖಾಗಣಿತ. ನನ್ನ ಸೆನ್ಸರಿನ ಮೇಲೆ 18 ಎಂಎಂ ಅಡ್ಡಕ್ಕೆ ಸುಮಾರು 66 ಡಿಗ್ರಿ ನೋಡುತ್ತದೆ, 10 ಎಂಎಂ ಸುಮಾರು 99. ಅಷ್ಟು ಅಗಲವನ್ನು ಚಪ್ಪಟೆ ಹಾಳೆಗೆ ನೇರ ಗೆರೆ ಕೆಡದಂತೆ ಇಳಿಸಿದಾಗ ಅಂಚಿನ ಗುಂಡು ಎತ್ತರಕ್ಕಿಂತ ಅಗಲದಲ್ಲಿ ಸುಮಾರು ಒಂದೂವರೆ ಪಟ್ಟಾಗುತ್ತದೆ. ಎಷ್ಟೇ ದುಬಾರಿ ಲೆನ್ಸಿನಲ್ಲೂ ಅಷ್ಟೇ. ಗೆರೆ ನೇರವಿರಬೇಕೋ, ಗುಂಡು ಗುಂಡಗಿರಬೇಕೋ. ಅಂಚಿನಲ್ಲಿ ಎರಡೂ ಸಿಗುವುದಿಲ್ಲ.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಬಂಡೆಗೆ ಹತ್ತಿರ ನಿಂತು 10 ಎಂಎಂನಲ್ಲಿ ತೆಗೆದರೆ ಅದು ಬೆಟ್ಟವಾಗುತ್ತದೆ, ಹಿಂದಿನ ಕಟ್ಟಡಗಳು ಬೆಂಕಿಪೊಟ್ಟಣಗಳಾಗಿ ಹಿಂದೆ ಸರಿಯುತ್ತವೆ. ಬಂಡೆಗೇನೂ ಆತಂಕವಿಲ್ಲ ಎನ್ನುವಂಥ ಚಿತ್ರ. ದೂರ ಹೋಗಿ 50 ಎಂಎಂನಲ್ಲಿ ತೆಗೆದರೆ ಅದೇ ಕಟ್ಟಡಗಳು ಅದರ ತಲೆಯ ಮೇಲೇ ನಿಂತಿರುತ್ತವೆ. ಎರಡೂ ಸುಳ್ಳಲ್ಲ. ಆದರೆ ಇಲ್ಲಿ ಬಂಡೆಯ ಚಿತ್ರ ಅಲಂಕಾರಕ್ಕೆ ಮಾತ್ರ ಅಲ್ಲ. ಸೊಸೈಟಿ ಟು ಸೇವ್ ರಾಕ್ಸ್ 1996ರಿಂದ ಇವುಗಳ ಪರ ವಾದಿಸುತ್ತಿದೆ. 2025ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಗೆ ಬುಲ್ಡೋಜರ್ ನುಗ್ಗಿ, ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಮರ ಕಡಿಯುವುದನ್ನು ತಡೆದಾಗ ಊರೆಲ್ಲ ನೋಡುತ್ತಿದ್ದದ್ದು ಚಿತ್ರಗಳನ್ನೇ. ಅಂಥ ಹೊತ್ತಿನಲ್ಲಿ ‘ಇದು ಎಷ್ಟು ದೊಡ್ಡದಿತ್ತು’ ಎಂದು ಯಾರಾದರೂ ಕೇಳಿದರೆ ಚಿತ್ರ ಉತ್ತರ ಕೊಡುವಂತಿರಬೇಕು.

ನಾಲ್ಕೂ ಮೂಲೆ ಸಮನಾಗಿ ಮೆದುವಿದ್ದ ಮಾದರಿಯನ್ನೇ ಸೆಕೆಂಡ್ ಹ್ಯಾಂಡಿನಲ್ಲಿ, ಇದೇ ಪರೀಕ್ಷೆ ಮಾಡಿ ಕೊಂಡೆ. ಬಂಡೆಯನ್ನು ಚಿತ್ರದ ನಡುವಿನ ಮೂರನೇ ಒಂದು ಭಾಗದೊಳಗೇ ಇಡುತ್ತೇನೆ; ಅಲ್ಲಿ ಎಳೆತ ಕಣ್ಣಿಗೆ ಬೀಳುವಷ್ಟಿಲ್ಲ. ಪಕ್ಕದಲ್ಲಿ ಒಂದು ಮೀಟರಿನ ಕೋಲು ನಿಲ್ಲಿಸುತ್ತೇನೆ. ಪ್ರತಿ ಬಂಡೆಗೂ ಎರಡು ಚಿತ್ರ: ಹತ್ತಿರದಿಂದ ಅಗಲದ್ದು, ದೂರದಿಂದ 50 ಎಂಎಂನದ್ದು. ಕೆಳಗೆ ಎರಡು ಸಾಲು ಟಿಪ್ಪಣಿ. ಕಳೆದ ವಾರದ್ದು ಹೀಗಿದೆ: ‘ಖಾಜಾಗುಡ, 12 ಎಂಎಂ, ಬಂಡೆಯಿಂದ 4 ಮೀಟರ್, ಪೂರ್ವಕ್ಕೆ ಮುಖ. ಹಿಂದಿನ ಕಟ್ಟಡ ಕಾಣುವುದಕ್ಕಿಂತ ಹತ್ತಿರದಲ್ಲಿದೆ.’